ಹೊಡೆದುಹಾಕಿದ ಹತ್ತು

ಮಡಿಕೇರಿಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲವಾದ್ದರಿಂದ, ಕರೆಂಟೂ ಇಲ್ಲದೆ, ಪ್ರಥಮ ವರ್ಷದವರ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ರೆಕಾರ್ಡ್‌ಗಳನ್ನು ಕಿಟಕಿಯ ಬೆಳಕಿನಲ್ಲೇ ತಿದ್ದುತ್ತಿದ್ದೇನೆ. ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಮುದ್ರಿಸಲು ‘ರೇಂಜ್(1, 10)’ ಎಂದು ಬರೆದು, ಪೈಥಾನ್ ಕೊನೆಯ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಉತ್ತರ 9ಕ್ಕೇ ನಿಂತದ್ದನ್ನು ಗಮನಿಸಿ, ತಾನಾಗಿಯೇ 11 ಎಂದು ತಿದ್ದಿಕೊಂಡ ಹುಡುಗಿಯ ಪುಟದಲ್ಲಿ ಹೊಡೆದುಹಾಕಿದ 10 ಇನ್ನೂ ಕಾಣುತ್ತಿದೆ. ಅವಳ ಪಕ್ಕ ಕೂರುವವನ ಪುಟದಲ್ಲಿ ಒಂದು ಗೀಟೂ ಇಲ್ಲ. ಆದರೆ ಮೊನ್ನೆ ಅದೇ ಪ್ರೋಗ್ರಾಂ ಅನ್ನು 20ರವರೆಗೆ ಬದಲಿಸಲು ಹೇಳಿದಾಗ ಆತ ಕೀಬೋರ್ಡ್ ಮುಟ್ಟದೆ ಕುಳಿತಿದ್ದ. ನನ್ನ ಪ್ರಗತಿ ಪಟ್ಟಿಯಲ್ಲಿ ಇಬ್ಬರಿಗೂ ಹತ್ತಕ್ಕೆ ಹತ್ತು. ಪಟ್ಟಿ ಮಾಡಿದವನೂ ನಾನೇ ಎನ್ನಿ. ಅಂಚಿನಲ್ಲೀಗ ‘ತಾನೇ ಕಂಡುಕೊಂಡ ತಪ್ಪು’ ಎಂಬ ಕಾಲಂ ಒಂದನ್ನು ಪೆನ್ಸಿಲ್‌ನಲ್ಲಿ ಎಳೆದಿದ್ದೇನೆ. ಕರೆಂಟ್ ಬಂದರೆ ನಾಳೆಯ ಲ್ಯಾಬ್‌ನಿಂದಲೇ ತುಂಬಬೇಕು.