ಅಪ್ಪನ ಫ್ಯಾಕ್ಟರಿಯಿಂದ ಹಾರಿದ ಬಾಂಬರ್

15 ಜೂನ್ 2019, ಶನಿವಾರ
ಲಂಡನ್

ಇವತ್ತು ಲಿಬರೇಟರ್ ನೋಡಿದೆ, ಅಪ್ಪನ ಫ್ಯಾಕ್ಟರಿಯಿಂದ ಹಾರಿದ್ದ, ಎರಡನೇ ಮಹಾಯುದ್ಧದ ಬಾಂಬರ್ ವಿಮಾನ. ರಾತ್ರಿ ಹತ್ತಾದರೂ ಇಲ್ಲಿ ಕಿಟಕಿಯಾಚೆ ಇನ್ನೂ ಪೂರ್ತಿ ಕತ್ತಲಾಗಿಲ್ಲ. ಮಗ, ಸೊಸೆ, ಮೊಮ್ಮಗ ಎಲ್ಲ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ, ಬರೆದು ಮುಗಿಸಿಯೇ ಮಲಗುತ್ತೇನೆ.

ಬೆಳಿಗ್ಗೆ ಮಳೆ. ಈ ವಾರವೆಲ್ಲ ಮಳೆಯೇ, ಗುರುವಾರದ ಇಂಡಿಯಾ-ನ್ಯೂಜಿಲೆಂಡ್ ಮ್ಯಾಚ್ ಒಂದು ಬಾಲ್ ಕೂಡ ಹಾಕದೆ ರದ್ದಾಯಿತು, ನಾಳೆ ಪಾಕಿಸ್ತಾನದ ಮ್ಯಾಚಿಗೆ ಏನು ಗತಿಯೋ ಅಂತ ಮಗನಿಗೆ ಅದೇ ಚಿಂತೆ. ಆದರೂ ಮಾತು ಕೊಟ್ಟ ಹಾಗೆ ನನ್ನನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೊರಟ. ನಾರ್ದರ್ನ್ ಲೈನಿನಲ್ಲಿ ಕಾಲಿಂಡೇಲ್ ಸ್ಟೇಷನ್. ಅಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಹೆಂಡನ್‌ನ ಆರ್‌ಎಎಫ್ ಮ್ಯೂಸಿಯಂ, ಅಂದರೆ ಬ್ರಿಟಿಷ್ ಏರ್ ಫೋರ್ಸಿನದು. ಹಳೆಯ ಏರೋಡ್ರೋಮ್ ಇದ್ದ ಜಾಗ. ಒಳಗೆ ಹೋಗಲು ಟಿಕೆಟ್ ಇಲ್ಲ.

ಬಾಂಬರ್‌ಗಳಿರುವ ಹಾಲ್ ಒಳಗೆ ಕಾಲಿಟ್ಟ ತಕ್ಷಣ ಜನ ಎಲ್ಲಿ ನಿಲ್ಲುತ್ತಾರೆ ಅಂತ ಗೊತ್ತಾಗುತ್ತದೆ. ಲ್ಯಾಂಕಾಸ್ಟರ್ ಮುಂದೆ. ಎಸ್ ಫಾರ್ ಶುಗರ್ ಅಂತ ಅದರ ಹೆಸರು. 137 ಸಲ ಯುದ್ಧಕ್ಕೆ ಹೋಗಿ ವಾಪಸ್ ಬಂದ ವಿಮಾನ. ಹೋಗಿ ಬಂದ ಲೆಕ್ಕಕ್ಕೆ ಮೂತಿಯ ಪಕ್ಕ ಸಾಲು ಸಾಲಾಗಿ ಪುಟ್ಟ ಬಾಂಬುಗಳ ಚಿತ್ರ ಬರೆದಿದ್ದಾರೆ. ಅದರ ಕೆಳಗೆ ಹಿಟ್ಲರನ ಏರ್ ಫೋರ್ಸಿನ ಮುಖ್ಯಸ್ಥ ಗೋರಿಂಗ್ ಆಡಿದ ಮಾತು, ಶತ್ರುವಿನ ಒಂದು ವಿಮಾನವೂ ಜರ್ಮನಿಯ ಮೇಲೆ ಹಾರುವುದಿಲ್ಲ ಅಂತ. ಮೊಮ್ಮಗ ಚಿತ್ರಗಳನ್ನು ಎಣಿಸುತ್ತಾ ನಿಂತ. ನಾನು ಮುಂದೆ ಹೋದೆ.

ಅಲ್ಲೇ ಇನ್ನೊಂದು, ಹ್ಯಾಲಿಫ್ಯಾಕ್ಸ್. ಅದನ್ನು ನೋಡಿ ಎದೆ ಒಂದು ಸಲ ಧಸಕ್ಕೆಂದಿತು. 1942ರ ಏಪ್ರಿಲ್‌ನಲ್ಲಿ ತಿರ್ಪಿಟ್ಜ್ ಅನ್ನೋ ಜರ್ಮನ್ ಯುದ್ಧನೌಕೆಯ ಮೇಲೆ ದಾಳಿಗೆ ಹೋಗಿ, ಏಟು ತಿಂದು, ನಾರ್ವೆಯಲ್ಲಿ ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ ಇಳಿದಿತ್ತು. ಮಂಜು ಕರಗಿದಾಗ ಮುಳುಗಿತು. 1973ರಲ್ಲಿ ಮೇಲಕ್ಕೆತ್ತಿದರು. ರಿಪೇರಿ ಮಾಡದೆ, ಬಣ್ಣ ಬಳಿಯದೆ, ನೀರಿನಿಂದ ಬಂದ ಹಾಗೇ ಇಟ್ಟಿದ್ದಾರೆ. ತಗಡು ಹರಿದಿದೆ, ಪಕ್ಕೆಲುಬು ಕಾಣುತ್ತಿದೆ. ಅಪ್ಪ ಇದ್ದಿದ್ದರೆ ಅದರ ಮುಂದೆ ಸುಮ್ಮನೆ ನಿಲ್ಲುತ್ತಿರಲಿಲ್ಲ, ಎಲ್ಲಿಂದ ಶುರು ಮಾಡಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದರು.

ಆಮೇಲೆ ಲಿಬರೇಟರ್. ಅದರ ನಂಬರ್ ಕೆಎನ್751. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷರ 99ನೇ ಸ್ಕ್ವಾಡ್ರನ್ನಿನಲ್ಲಿತ್ತು. ನಮ್ಮ ಏರ್ ಫೋರ್ಸಿಗೆ ಬಂದ ಮೇಲೆ ಎಚ್‌ಇ807 ಆಯಿತು. 1974ರಲ್ಲಿ ಭಾರತ ಇದನ್ನು ಈ ಮ್ಯೂಸಿಯಮ್ಮಿಗೆ ಕೊಟ್ಟಿತು. ಅದೂ ಬಿಚ್ಚಿ ಹಡಗಿನಲ್ಲಿ ಕಳಿಸಿದ್ದಲ್ಲ, ಹಾರಿಸಿಕೊಂಡೇ ಬಂದರು.

ಫೋಟೋದಲ್ಲಿ ನೋಡಿದ್ದಕ್ಕಿಂತ ತುಂಬಾ ದೊಡ್ಡದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ರೆಕ್ಕೆ ಉದ್ದ, ಆದರೆ ಅಗಲ ಕಡಿಮೆ, ಮೈಯ ಮೇಲ್ಭಾಗದಲ್ಲಿ ಕೂತಿದೆ. ಅದಕ್ಕೇ ಹೊಟ್ಟೆ ನೆಲಕ್ಕೆ ಹತ್ತಿರ. ನಾಲ್ಕು ಇಂಜಿನ್, ಒಂದೊಂದಕ್ಕೆ 1,200 ಕುದುರೆ ಶಕ್ತಿ. ಬಾಲದಲ್ಲಿ ಎರಡು ಮೊಟ್ಟೆಯಾಕಾರದ ಹಲಗೆಗಳು. ಮೈಮೇಲಿನ ವೃತ್ತದಲ್ಲಿ ಕೆಂಪು ಇಲ್ಲ, ಬರೀ ನೀಲಿ. ಜಪಾನಿನ ಕೆಂಪು ಸೂರ್ಯನೆಂದು ತಮ್ಮವರೇ ಗುಂಡು ಹೊಡೆಯಬಾರದು ಅಂತ ನಮ್ಮ ಕಡೆಯ ಯುದ್ಧದಲ್ಲಿ ಕೆಂಪನ್ನು ತೆಗೆದುಬಿಟ್ಟಿದ್ದರು.

ಬಾಂಬ್ ಇಡುವ ಗೂಡಿನ ಬಾಗಿಲು ಹೊರಗೆ ತೆರೆದುಕೊಳ್ಳುವುದಿಲ್ಲ, ಅಂಗಡಿಯ ರೋಲಿಂಗ್ ಶಟರ್ ಥರ ಮೇಲಕ್ಕೆ ಸರಿಯುತ್ತದೆ. ಚಿಕ್ಕವಳಿದ್ದಾಗ ಅಪ್ಪ ಹೇಳಿದ್ದು ಇದೇ ಹೋಲಿಕೆ. ಹಲಸೂರಿನ ಬಜಾರಿನಲ್ಲಿ ಯಾರಾದರೂ ಅಂಗಡಿ ಮುಚ್ಚುವಾಗ ಗರ್ರ್ ಅಂತ ಸದ್ದಾದರೆ, "ಲಿಬರೇಟರ್!" ಅನ್ನುತ್ತಿದ್ದರು. ಇವತ್ತು ಬಗ್ಗಿ ಆ ಶಟರ್ ನೋಡಿದೆ. ಅರವತ್ತು ದಾಟಿದ ಹೆಂಗಸು ವಿಮಾನದ ಹೊಟ್ಟೆ ಕೆಳಗೆ ಬಗ್ಗಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಪಕ್ಕದಲ್ಲಿದ್ದವರಿಗೆ ಆಶ್ಚರ್ಯ ಆಗಿರಬೇಕು. ಆಗಲಿ.

ಅಪ್ಪ ಎಚ್‌ಎಎಲ್ ಸೇರಿದ್ದು 1943ರಲ್ಲಿ, ಹದಿನೇಳನೇ ವಯಸ್ಸಿಗೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಕಂಪನಿ ಅದು. ವಿಮಾನ ಕಟ್ಟಬೇಕು ಅಂತ ಶುರುವಾಯಿತು. ಅಷ್ಟರಲ್ಲಿ ಯುದ್ಧ ಬರ್ಮಾಕ್ಕೆ ಬಂತು, 1943ರಲ್ಲಿ ಫ್ಯಾಕ್ಟರಿ ಅಮೆರಿಕನ್ ಏರ್ ಫೋರ್ಸಿನವರ ಕೈಗೆ ಹೋಯಿತು. ಅವರಿಗೆ ಬೇಕಾಗಿದ್ದು ರಿಪೇರಿ. ಗುಂಡು ತಾಗಿದ, ರೆಕ್ಕೆ ಮುರಿದ, ಇಂಜಿನ್ ಸವೆದ ವಿಮಾನಗಳೆಲ್ಲ ಬೆಂಗಳೂರಿಗೆ ಬರುತ್ತಿದ್ದವು. ಹಳ್ಳಿಯಿಂದ ಬಂದ, ಎತ್ತಿನಗಾಡಿ ಬಿಟ್ಟರೆ ಬೇರೆ ಗಾಡಿಯ ಕೀಲು ಮುಟ್ಟದ ಹುಡುಗರು ಅಲ್ಲಿ ಆರೇ ತಿಂಗಳಿಗೆ ಅಲ್ಯೂಮಿನಿಯಂ ತಗಡು ಕತ್ತರಿಸಿ, ಬಗ್ಗಿಸಿ, ತಗಡುಗಳನ್ನು ಸೇರಿಸುವ ಮೊಳೆ, ಅಂದರೆ ರಿವೆಟ್ ಹೊಡೆಯುವುದು ಕಲಿತರು.

ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗೆ ಒಬ್ಬ ಗನ್ ಹಿಡಿದು ಹೊಡೆಯುತ್ತಾನೆ, ಒಳಗೆ ಇನ್ನೊಬ್ಬ ಕಬ್ಬಿಣದ ಗಟ್ಟಿಯನ್ನು ರಿವೆಟ್ಟಿನ ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಅಪ್ಪ ಸಣಕಲು, ಹಾಗಾಗಿ ಯಾವಾಗಲೂ ಒಳಗೆ. ರೆಕ್ಕೆಯ ಒಳಗೆ, ಬಾಲದ ಒಳಗೆ, ಬೆವರಿನಲ್ಲಿ ನೆನೆದು ಮುದುರಿಕೊಂಡು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಒಳಗಿನವನು ತಗಡಿಗೆ ಒಂದು ಸಲ ತಟ್ಟಿದರೆ ಸರಿಯಾಗಿದೆ, ಎರಡು ಸಲ ತಟ್ಟಿದರೆ ಇನ್ನೂ ಹೊಡಿ. ನಮ್ಮ ಮನೆಯಲ್ಲೂ ಅದೇ ಭಾಷೆ. ಸಾರು ಇನ್ನೂ ಬೇಕಾ ಅಂತ ಅಮ್ಮ ಕೇಳಿದರೆ ತಟ್ಟೆಯ ಅಂಚಿಗೆ ಎರಡು ತಟ್ಟು. ಸಾಕಾದರೆ ಒಂದು. ಐವತ್ತು ದಾಟುವಷ್ಟರಲ್ಲಿ ಅವರಿಗೆ ಕಿವಿ ಪೂರ್ತಿ ಮಂದವಾಗಿತ್ತು. ಆಮೇಲೆ ನಾವೂ ಅವರ ತೋಳಿಗೆ ತಟ್ಟಿಯೇ ಮಾತಾಡಿಸುತ್ತಿದ್ದೆವು.

ಈ ವಿಮಾನದ ಬಗ್ಗೆ ಸ್ವಲ್ಪ ಬರೆಯಬೇಕು, ಯಾಕೆಂದರೆ ನಮ್ಮಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಬಿ-24 ಲಿಬರೇಟರ್. ಅಮೆರಿಕದ ಸ್ಯಾನ್ ಡಿಯೇಗೋದ ಕನ್ಸಾಲಿಡೇಟೆಡ್ ಕಂಪನಿಯ ವಿನ್ಯಾಸ. ಮೊದಲ ಸಲ ಹಾರಿದ್ದು 1939ರ ಡಿಸೆಂಬರ್ 29ಕ್ಕೆ. ಒಟ್ಟು 18,000ಕ್ಕೂ ಜಾಸ್ತಿ ಕಟ್ಟಿದರು, ಇಷ್ಟು ಸಂಖ್ಯೆಯಲ್ಲಿ ಬೇರೆ ಯಾವ ಭಾರಿ ಬಾಂಬರನ್ನೂ ಕಟ್ಟಿಲ್ಲ. ಮಿಷಿಗನ್‌ನ ವಿಲೋ ರನ್‌ನಲ್ಲಿದ್ದ ಫೋರ್ಡ್ ಫ್ಯಾಕ್ಟರಿಯಿಂದ ಒಂದು ಹಂತದಲ್ಲಿ ಗಂಟೆಗೊಂದು ವಿಮಾನ ಹೊರಬರುತ್ತಿತ್ತು. ಲಿಬರೇಟರ್‌ಗಳು ಬಂಗಾಳದಿಂದ ಹೊರಟು ಮಲಯಾದ (ಈಗಿನ ಮಲೇಷ್ಯಾ) ಪೆನಾಂಗ್ ಬಂದರಿಗೆ ಹೋಗಿ ಸಮುದ್ರದಲ್ಲಿ ಹಡಗು ಸಿಡಿಸುವ ಮೈನ್ ಹಾಕಿ ವಾಪಸ್ ಬಂದಿದ್ದವು, 1944ರಲ್ಲಿ. ಹೋಗಿ ಬರಲು 3,000 ಮೈಲಿ ಹಾರಾಟ. ಹಾರಿಸುವವರಿಗೆ ಮಾತ್ರ ಸುಖವಿರಲಿಲ್ಲ. ಭಾರವಾದ ಸ್ಟಿಯರಿಂಗ್, ಒಳಗೆ ಪೆಟ್ರೋಲ್ ವಾಸನೆ, ಬಾಂಬ್ ಗೂಡು ದಾಟಲು ಒಂದು ಗೇಣು ಅಗಲದ ದಾರಿ.

ಯುದ್ಧ ಮುಗಿಯಿತು. ಈ ವಿಮಾನಗಳನ್ನು ಅಮೆರಿಕ ಬ್ರಿಟನ್ನಿಗೆ ಕಡ ಕೊಟ್ಟಿತ್ತು. ಕರಾರಿನ ಪ್ರಕಾರ ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ಅಮೆರಿಕಕ್ಕೆ ಬೇಕಿರಲಿಲ್ಲ. ಹಾಗಾಗಿ ಕಾನ್ಪುರದ ಏರ್‌ಫೀಲ್ಡಿನಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಕೆಡಿಸಿಟ್ಟು ಹೋದರು. ಬಿಸಿಲು, ಮಳೆ, ಹುಲ್ಲು. 1948ರಲ್ಲಿ ನಮ್ಮ ಏರ್ ಫೋರ್ಸಿಗೆ ಬಾಂಬರ್ ಬೇಕಾಯಿತು. ಈ ಗುಜರಿಯನ್ನು ಮತ್ತೆ ಹಾರಿಸಬಹುದಾ ಅಂತ ಎಚ್‌ಎಎಲ್‌ನವರನ್ನು ಕೇಳಿದರು. ಇವರು ಆಗುತ್ತದೆ ಅಂದರು.

ಆ "ಆಗುತ್ತದೆ" ಅನ್ನೋ ಮಾತಿನ ಮೇಲೆ ನನಗೆ ಇವತ್ತಿಗೂ ಅಭಿಮಾನ. ಬೆಂಗಳೂರಿನಿಂದ ಒಂದು ತಂಡ ಕಾನ್ಪುರಕ್ಕೆ ಹೋಯಿತು. ಅದರಲ್ಲಿ ಅಪ್ಪನೂ ಇದ್ದರು, ಆಗ ಅವರಿಗೆ ಇಪ್ಪತ್ತೆರಡು. ಒಂದರ ಇಂಜಿನ್, ಇನ್ನೊಂದರ ಚಕ್ರ, ಮೂರನೆಯದರ ಮೀಟರ್ ಅಂತ ಸೇರಿಸಿ, ಬೆಂಗಳೂರಿನ ತನಕ ಹಾರುವಷ್ಟು ಸರಿ ಮಾಡುತ್ತಿದ್ದರು. ಅಂಥ ವಿಮಾನವನ್ನು ಹಾರಿಸಿಕೊಂಡು ಬರುತ್ತಿದ್ದವರು ಎಚ್‌ಎಎಲ್‌ನ ಮುಖ್ಯ ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ. ಬೆಂಗಳೂರಿಗೆ ಬಂದ ಮೇಲೆ ಪೂರ್ತಿ ಬಿಚ್ಚಿ ಕಟ್ಟುವ ಕೆಲಸ. ಹೀಗೆ ಸುಮಾರು 40 ವಿಮಾನ. 1948ರ ನವೆಂಬರ್ 2ರಂದು ನಮ್ಮ ಏರ್ ಫೋರ್ಸಿನ 5ನೇ ಸ್ಕ್ವಾಡ್ರನ್ ಈ ಲಿಬರೇಟರ್‌ಗಳಿಂದಲೇ ಶುರುವಾಯಿತು. ಅದರ ಲಾಂಛನ ಆನೆ. 1951ರಲ್ಲಿ 6ನೇ ಸ್ಕ್ವಾಡ್ರನ್ ಬಂತು, ಅದರವರು ಇವನ್ನು ಸಮುದ್ರ ಕಾಯಲು ಬಳಸಿದರು. 1968ರ ತನಕ ಹಾರಿಸಿದರು. ಬೇರೆ ದೇಶಗಳಲ್ಲಿ ಅಷ್ಟರೊಳಗೆ ಸಾವಿರಾರು ಲಿಬರೇಟರ್‌ಗಳನ್ನು ಕರಗಿಸಿ ಪಾತ್ರೆ ಪಗಡೆ ಮಾಡಿಯಾಗಿತ್ತು.

ಆಮೇಲೆ ಮ್ಯೂಸಿಯಂಗಳಿಗೆ ಲಿಬರೇಟರ್ ಬೇಕಾದಾಗ ತುಂಬಾ ಜನ ಬಂದಿದ್ದು ನಮ್ಮಲ್ಲಿಗೆ. ಲಂಡನ್ನಿನ ಈ ವಿಮಾನ, ಕೆನಡಾದ ಒಟ್ಟಾವಾದಲ್ಲಿರುವುದು, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಮ್ಮಿನದು, ದೆಹಲಿಯ ಪಾಲಂನಲ್ಲಿರುವುದು, ಎಲ್ಲವೂ ಭಾರತದಲ್ಲಿ ಹಾರಿದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿನ ಹತ್ತಿರ ಇರುವುದಂತೂ ಈ 2019ರಲ್ಲೂ ಹಾರುತ್ತಿದೆ! ಈ ವರ್ಷ ಇಡೀ ಜಗತ್ತಿನಲ್ಲಿ ಹಾರುವ ಲಿಬರೇಟರ್‌ಗಳು ಎರಡೇ, ಅದರಲ್ಲಿ ಒಂದು ಇದು. ಅಲ್ಲಿಯವರು ವರ್ಷಗಟ್ಟಲೆ ದುಡಿದು ಅದನ್ನು ಮತ್ತೆ ಹಾರುವ ಹಾಗೆ ಮಾಡಿದರು, ಅದು ದೊಡ್ಡ ಕೆಲಸವೇ. ಆದರೆ ಅವರ ಕೈಗೆ ಸಿಗುವ ತನಕ ಅದು ಉಳಿದಿದ್ದು ಹೇಗೆ ಅಂತ ಕೇಳಿದರೆ ಉತ್ತರ ಬೆಂಗಳೂರಿನಲ್ಲಿದೆ.

ಗುರುವಾರ ಗ್ರೀನ್ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಬಾಂಬರ್ ಕಮಾಂಡ್, ಅಂದರೆ ಬ್ರಿಟಿಷ್ ಏರ್ ಫೋರ್ಸಿನ ಬಾಂಬರ್ ವಿಭಾಗದ ಸ್ಮಾರಕ ಇದೆ, 2012ರಲ್ಲಿ ರಾಣಿ ಉದ್ಘಾಟಿಸಿದ್ದು. ಯುದ್ಧದಲ್ಲಿ ಸತ್ತ ಅದರ 55,573 ಹಾರಾಟಗಾರರ ನೆನಪಿಗೆ. ಏಳು ಜನರ ಕಂಚಿನ ಪ್ರತಿಮೆ, ಆಗ ತಾನೇ ವಿಮಾನದಿಂದ ಇಳಿದು ನಿಂತ ಹಾಗೆ, ಮುಖದಲ್ಲಿ ಬರೀ ಸುಸ್ತು. ಚಾವಣಿಗೆ ಬಳಸಿದ ಅಲ್ಯೂಮಿನಿಯಂ ಬೆಲ್ಜಿಯಂನಲ್ಲಿ ಬಿದ್ದ ಒಂದು ಹ್ಯಾಲಿಫ್ಯಾಕ್ಸಿನದು ಅಂತ ತಿಳಿದಾಗ ತಲೆಯೆತ್ತಿ ತುಂಬಾ ಹೊತ್ತು ನೋಡಿದೆ. ಬಾಂಬ್ ದಾಳಿಯಲ್ಲಿ ಸತ್ತ ಎಲ್ಲ ದೇಶಗಳ ಜನರ ನೆನಪಿಗೂ ಅಲ್ಲಿ ಒಂದು ಸಾಲು ಕೆತ್ತಿದ್ದಾರೆ. ಆ ಸಾಲು ಇರಲೇಬೇಕಿತ್ತು.

ಯಾಕೆಂದರೆ ಬಾಂಬರ್ ಅಂದ ಮೇಲೆ ಕೆಳಗೆ ಇದ್ದವರೂ ಇದ್ದಾರೆ. ಸಯಾಮ್ (ಈಗಿನ ಥೈಲ್ಯಾಂಡ್)-ಬರ್ಮಾ ರೈಲು ದಾರಿಯ ಮೇಲೆ ಲಿಬರೇಟರ್‌ಗಳು ಬಾಂಬ್ ಹಾಕಿದಾಗ, ಜಪಾನಿನವರಿಗೆ ಸೆರೆಸಿಕ್ಕಿ ಆ ದಾರಿಯನ್ನು ಕಟ್ಟಿದ ಬಡಪಾಯಿ ಕೈದಿಗಳೂ ಸತ್ತರು. ಅಪ್ಪ ಈ ವಿಷಯ ಮಾತಾಡಿದ್ದು ಒಂದೇ ಸಲ. "ಅಮೆರಿಕದವರ ಕಾಲದಲ್ಲಿ ರೆಕ್ಕೆ ಸರಿ ಮಾಡಿ ಕಳಿಸ್ತಿದ್ವಿ ಕಣಮ್ಮ. ಅದು ಎಲ್ಲಿಗೆ ಹೋಗಿ ಯಾರ ಮೇಲೆ ಹಾಕ್ತಿತ್ತೋ, ನಮಗೆ ಯಾರೂ ಹೇಳ್ತಿರಲಿಲ್ಲ. ವಾಪಸ್ ಬಂದಾಗ ಒಳಗೆ ರಕ್ತ ಇದ್ರೆ ನಾವೇ ತೊಳೀತಿದ್ವಿ." ಅಷ್ಟೇ ಹೇಳಿ ಸುಮ್ಮನಾದರು. ಆ ರಕ್ತದ ಹುಡುಗರಿಗೂ ಅವರಷ್ಟೇ ವಯಸ್ಸು. ಚೀನಾದಿಂದ ಅಸ್ಸಾಮಿಗೆ ಹೊರಟ ಒಂದು ಲಿಬರೇಟರ್ 1944ರ ಜನವರಿ 25ರಂದು ಅರುಣಾಚಲದ ಬೆಟ್ಟದಲ್ಲಿ ಕಾಣೆಯಾಗಿತ್ತು. ಅವಶೇಷ ಸಿಕ್ಕಿದ್ದು 2006ರಲ್ಲಿ. ಅಷ್ಟು ವರ್ಷ ಯಾವುದೋ ಊರಿನಲ್ಲಿ ತಾಯಂದಿರು ಕಾದೇ ಹೋಗಿರುತ್ತಾರೆ, ಅಲ್ವಾ?

ಹಾರಿದವರ ಹೆಸರು ಕಲ್ಲಿನ ಮೇಲೆ, ಕಂಚಿನಲ್ಲಿ ಉಳಿಯಲಿ, ಉಳಿಯಬೇಕು. ನನಗೆ ಬೇಕಿರುವುದು ಅದರ ಪಕ್ಕದಲ್ಲಿ ಇನ್ನೊಂದಿಷ್ಟು ಜಾಗ. ರೆಕ್ಕೆಯ ಒಳಗೆ ಮುದುರಿಕೊಂಡಿದ್ದವರಿಗೆ. ಇವತ್ತು ನೋಡಿದ ವಿಮಾನಕ್ಕೆ ಅಪ್ಪನ ಕೈ ತಾಗಿತ್ತೋ ಇಲ್ಲವೋ ನಾನು ಹೇಳಲಾರೆ. ಅವರ ಫ್ಯಾಕ್ಟರಿಯವರ ಕೈ ತಾಗಿದೆ. ಮೊಮ್ಮಗನಿಗೆ ರೆಕ್ಕೆಯ ಕೆಳಗಿನ ರಿವೆಟ್ ಸಾಲು ತೋರಿಸಿ, ಒಂದು ತಟ್ಟು ಎರಡು ತಟ್ಟಿನ ಕಥೆ ಹೇಳಿದೆ. ಅಷ್ಟು ಹೊತ್ತು ಓಡಾಡುತ್ತಿದ್ದ ಹುಡುಗ ನಿಂತು ಕೇಳಿದ. "ಮುತ್ತಾತ ಒಳಗಡೆ ಇದ್ರಾ?" ಅಂದ. ಹೌದು ಅಂದೆ. ಲ್ಯಾಂಕಾಸ್ಟರಿನ ಚಿತ್ರಗಳನ್ನು ಎಣಿಸಿದ ಹಾಗೇ ರಿವೆಟ್ಟುಗಳನ್ನೂ ಎಣಿಸಲು ಶುರು ಮಾಡಿದ, ಇನ್ನೂರರ ಹತ್ತಿರ ಲೆಕ್ಕ ತಪ್ಪಿತು.

ಬೆಂಗಳೂರಿನ ಮನೆಯಲ್ಲಿ ಒಂದು ಫೋಟೋ ಇದೆ. ಕಾನ್ಪುರದ್ದು. ಲಿಬರೇಟರಿನ ಮೂತಿಯ ಕೆಳಗೆ ಹನ್ನೊಂದು ಜನ, ಖಾಕಿ ಚಡ್ಡಿ, ಎಣ್ಣೆ ಹಿಡಿದ ಕೈ. ಎಡದಿಂದ ಮೂರನೆಯವರು ಅಪ್ಪ. ಉಳಿದ ಹತ್ತು ಜನರಲ್ಲಿ ಮೂವರ ಹೆಸರು ನನಗೆ ಗೊತ್ತು, ಅಣ್ಣನಿಗೆ ಇನ್ನೊಂದೆರಡು ಗೊತ್ತಿರಬಹುದು. ಅವನಿಗೀಗ ಎಪ್ಪತ್ತು. ನಿಮ್ಮ ಮನೆಯಲ್ಲೂ ಎಚ್‌ಎಎಲ್‌ನ ಆ ಕಾಲದ ಫೋಟೋ ಇದ್ದರೆ ದಯವಿಟ್ಟು ಹಿಂದೆ ಹೆಸರು ಬರೆದಿಡಿ, ಪೆನ್ಸಿಲ್‌ನಲ್ಲಿ, ಪೆನ್ ಇಂಕ್ ಮುಂದಕ್ಕೆ ಹಾಯುತ್ತದೆ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಅಣ್ಣನಿಗೆ ಫೋನ್ ಮಾಡಬೇಕು. ಇಲ್ಲಿ ಏಳು ಗಂಟೆಯಾದರೆ ಅಲ್ಲಿ ಹನ್ನೊಂದೂವರೆ, ಪೇಪರ್ ಓದಿ ಮುಗಿಸಿರುತ್ತಾನೆ. ಬೀರುವಿನ ಮೇಲಿನ ಟ್ರಂಕಿನಲ್ಲಿದೆ ಆ ಫೋಟೋ, ಅಮ್ಮನ ಧಾರೆ ಸೀರೆಯ ಕೆಳಗೆ.