ಕ್ರೇನ್ ಬರದ ಘಾಟಿಯಲ್ಲಿ ಗರ್ಡರ್ ಬದಲಿಸಿದ್ದು

ಸೇತುವೆ ಬದಲಿಸುವ ಕೆಲಸ ಅಂದ ಕೂಡಲೇ ಪರಿಚಯದವರು ಕೇಳುವ ಮೊದಲ ಪ್ರಶ್ನೆ, “ಎಷ್ಟು ಟನ್ ಕ್ರೇನ್ ತರಿಸಿದ್ರಿ?” ನೀಲಗಿರಿ ಘಾಟಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿ ಏರುವ ಹಾದಿಯಲ್ಲಿ ಹೆಚ್ಚಿನ ಕಡೆ ಪಕ್ಕದಲ್ಲಿ ರಸ್ತೆಯೇ ಇಲ್ಲ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕಣಿವೆ. ಒಂದು ಬೋಲ್ಟ್ ಬೇಕಾದರೂ ಅದು ರೈಲಿನಲ್ಲಿ ಬರಬೇಕು, ಇಲ್ಲ ಯಾರದ್ದಾದರೂ ಹೆಗಲ ಮೇಲೆ ಬರಬೇಕು.

ನಾನು ರೈಲ್ವೆಯಲ್ಲಿ ಸೇತುವೆ ಕೆಲಸ ನೋಡಿಕೊಳ್ಳುವವನು. ಊರು ಗುಂಡ್ಲುಪೇಟೆ ಕಡೆ. ನಮ್ಮ ಕಡೆಯವರು ಬಂಡೀಪುರ ದಾಟಿ ಬಸ್ಸಿನಲ್ಲಿ ಊಟಿಗೆ ಹೋಗುತ್ತಾರೆ. ಅಲ್ಲಿಂದ ಕೂನೂರಿನವರೆಗೆ ಪುಟ್ಟ ರೈಲಿನಲ್ಲಿ ಹೋಗಿ, ಫೋಟೋ ತೆಗೆದು, ವಾಪಸ್ ಬರುತ್ತಾರೆ. ಈ ರೈಲಿನ ನಿಜವಾದ ಕಷ್ಟ ಇರುವುದು ಕೂನೂರಿನ ಕೆಳಗೆ. ಅದನ್ನು ಅವರು ನೋಡುವುದೇ ಕಡಿಮೆ.

ಮೆಟ್ಟುಪಾಳ್ಯದಿಂದ ಕೂನೂರಿನ ತನಕ ರೈಲು ಓಡಲು ಶುರುವಾಗಿದ್ದು 1899ರಲ್ಲಿ. ಊಟಿ ಮುಟ್ಟಿದ್ದು 1908ರಲ್ಲಿ. ಒಟ್ಟು 46 ಕಿಲೋಮೀಟರ್ ಮೀಟರ್ ಗೇಜ್ ಹಳಿ. ಅಷ್ಟರಲ್ಲೇ 250 ಸೇತುವೆ, 16 ಸುರಂಗ, 208 ತಿರುವು. 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 250 ಸೇತುವೆ ಅಂದರೆ ದೊಡ್ಡ ದೊಡ್ಡ ಕಮಾನು ನೆನಪಿಗೆ ಬರಬಹುದು. ಆದರೆ ಹೆಚ್ಚಿನವು ಹಳ್ಳ, ತೊರೆ ದಾಟಿಸುವ ಚಿಕ್ಕವು. ನಾವು ಬದಲಿಸಿದ್ದೂ ಅಂಥದ್ದೇ ಒಂದು. ನಡುವೆ ಕಂಬವಿಲ್ಲದ ಒಂದೇ ಕಣ್ಣು, ನಲವತ್ತು ಅಡಿಯ ಪ್ಲೇಟ್ ಗರ್ಡರ್, ಅಂದರೆ ಉಕ್ಕಿನ ಪ್ಲೇಟ್ ಜೋಡಿಸಿ ಮಾಡಿದ ತೊಲೆ, ಅದನ್ನು ಹೊರಲು ಎರಡು ತುದಿಗೂ ಕಲ್ಲಿನ ಅಬಟ್‌ಮೆಂಟ್ ಗೋಡೆ. ಬಯಲುಸೀಮೆಯಲ್ಲಿ ಇಷ್ಟು ಕೆಲಸವನ್ನು ಒಂದು ರಾತ್ರಿಯಲ್ಲಿ ಮುಗಿಸಿ ಬೆಳಗ್ಗೆ ಚಹಾ ಕುಡಿಯುತ್ತೇವೆ.

ನಮ್ಮಲ್ಲಿ ಸೇತುವೆಯ ಒಂದೊಂದು ಭಾಗಕ್ಕೂ ಒಂದರಿಂದ ಆರರವರೆಗೆ ಅಂಕ ಕೊಡುತ್ತಾರೆ. ಒಂದು ಬಂದರೆ ತಕ್ಷಣ ಹೊಸದಾಗಿ ಕಟ್ಟಬೇಕು. ಎರಡು ಬಂದರೆ ಕಾರ್ಯಕ್ರಮ ಹಾಕಿಕೊಂಡು ಕಟ್ಟಬೇಕು. ಮೂರು ಅಂದರೆ ದೊಡ್ಡ ರಿಪೇರಿ. ಈ ಗರ್ಡರ್ ಮೂರರಿಂದ ಎರಡಕ್ಕೆ ಇಳಿದಿತ್ತು. ತುಕ್ಕು ಹಿಡಿದಿದ್ದು ಕಣ್ಣಿಗೆ ಕಾಣುವ ಕಡೆ ಅಲ್ಲ, ಹಳಿ ಹೊರುವ ಅಡ್ಡ ದಿಮ್ಮಿ, ಅಂದರೆ ಸ್ಲೀಪರ್ ಕೂರುವ ಮೇಲಿನ ಅಗಲ ಪಟ್ಟಿಯಲ್ಲಿ, ಫ್ಲ್ಯಾಂಜಿನಲ್ಲಿ. ಮಂಜು, ಮಳೆ, ಕೊಳೆತ ಎಲೆ, ಎಂಜಿನ್ನಿನ ಮಸಿ, ಎಲ್ಲ ಅಲ್ಲೇ ಕೂತು ಒದ್ದೆಯಾಗಿಯೇ ಇರುತ್ತದೆ. ಪ್ಲೇಟುಗಳನ್ನು ಸೇರಿಸಿ ಹಿಡಿಯುವ ದಪ್ಪ ಮೊಳೆ, ಅಂದರೆ ರಿವೆಟ್ಟಿನ ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಹೊಡೆದರೆ, ಸಡಿಲವಾದದ್ದು ಬೆರಳಿಗೆ ನಡುಗಿ ಹೇಳುತ್ತದೆ. ಹಾಗೆ ಹೇಳುವ ರಿವೆಟ್ಟುಗಳು ಜಾಸ್ತಿಯಾಗಿದ್ದವು.

ತುಕ್ಕು ತಿಂದ ಕಡೆ ಪ್ಲೇಟ್ ಇಟ್ಟು ವೆಲ್ಡ್ ಮಾಡಿದರೆ ಆಗಲ್ವಾ ಅಂತ ಬಹಳ ಜನ ಕೇಳಿದರು. ಆಗುವುದಿಲ್ಲ. ಆ ಕಾಲದ ಉಕ್ಕಿನಲ್ಲಿ ರಂಜಕ ಜಾಸ್ತಿ ಇರುವ ಸಾಧ್ಯತೆ ಇದೆ. ಅಂಥ ಉಕ್ಕು ಬಾಗುವ ಬದಲು ಮುರಿಯುತ್ತದೆ, ವೆಲ್ಡಿಂಗ್ ಶಾಖಕ್ಕೆ ಇನ್ನಷ್ಟು ಪೆಡಸಾಗುತ್ತದೆ. ಗರ್ಡರ್ ಬದಲಿಸುವುದು ಅಂತ ತೀರ್ಮಾನವಾಗಿದ್ದು ಹೀಗೆ.

ಡ್ರಾಯಿಂಗ್ ಮೊದಲು ಬಂದಾಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಲೆಕ್ಕ ಸರಿ, ದಪ್ಪ ಸರಿ, ಅಳತೆ ಸರಿ. ಆದರೆ ನಲವತ್ತು ಅಡಿಯ ಗರ್ಡರನ್ನು ಇಡಿಯಾಗಿ, ಒಂದೇ ತುಂಡಾಗಿ ಬರೆದಿದ್ದರು. ಅದನ್ನು ಅಲ್ಲಿಗೆ ತರುವುದು ಹೇಗೆ ಅನ್ನುವ ಗೆರೆ ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಈ ಲೈನಿನಲ್ಲಿ ಗರ್ಡರಿನ ಡಿಸೈನ್ ಶುರುವಾಗಬೇಕಾದದ್ದು ಭಾರದ ಲೆಕ್ಕದಿಂದಲ್ಲ, ದಾರಿಯಿಂದ. ಈ ಕೆಲಸದಿಂದ ನಾನು ಬೇರೆ ಕಡೆಗೆ ಹೊತ್ತುಕೊಂಡು ಹೋಗಿರುವುದೂ ಇದೊಂದನ್ನೇ.

ದಾರಿ ಅಂದರೆ ಏನು? ಲಾರಿಯಲ್ಲಿ ಮೆಟ್ಟುಪಾಳ್ಯದವರೆಗೆ ಬರಬಹುದು. ಅಲ್ಲಿಂದ ಮೀಟರ್ ಗೇಜಿನ ಪುಟ್ಟ ವ್ಯಾಗನ್. ಮುಂದೆ ಬಿಗಿಯಾದ ತಿರುವು, ಬಂಡೆ ಕೊರೆದ ಸುರಂಗ. ಉದ್ದದ ಸಾಮಾನು ತಿರುವಿನಲ್ಲಿ ವ್ಯಾಗನ್ನಿನ ಹೊರಗೆ ಚಾಚುತ್ತದೆ. ಆ ಮೂಲೆ ಸುರಂಗದ ಗೋಡೆಗೆ ತಾಗುತ್ತದೋ ಇಲ್ಲವೋ ಅಂತ ಹಳೆ ನಕ್ಷೆ ನೋಡಿ ಹೇಳಲು ಆಗುವುದಿಲ್ಲ. ಬಂಡೆ ಎಲ್ಲಿ ಉಬ್ಬಿದೆ ಅಂತ ನಕ್ಷೆಗೆ ಗೊತ್ತಿರುವುದಿಲ್ಲ. ನಾವು ವ್ಯಾಗನ್ ಮೇಲೆ ಗರ್ಡರ್ ಅಳತೆಯ ಮರದ ಚೌಕಟ್ಟು ಕಟ್ಟಿ, ಅದರ ಮೂಲೆಗಳಿಗೆ ಸೀಮೆಸುಣ್ಣ ಬಳಿದು ಕಳಿಸಿದೆವು. ತಾಗಿದ ಕಡೆ ಸುಣ್ಣ ಅಳಿಸಿರುತ್ತದೆ, ಅಷ್ಟೇ. ಉದ್ದ ಎಷ್ಟಿರಬೇಕು ಅಂತ ಅದೇ ಹೇಳಿತು. ಗರ್ಡರ್ ಮೂರು ತುಂಡಾಯಿತು. ಎರಡು ತುಂಡು ಮಾಡಿದ್ದರೆ ಜಾಯಿಂಟ್ ಸರಿಯಾಗಿ ನಡುವಿಗೆ ಬರುತ್ತಿತ್ತು. ಗರ್ಡರ್ ಬಾಗುವ ಒತ್ತಡ ಅತಿ ಹೆಚ್ಚು ಬೀಳುವುದು ಅಲ್ಲೇ.

ದಾರಿಯಲ್ಲಿ ಇನ್ನೊಂದು ವಿಷಯ ಇದೆ. ಈ ಏರಿನಲ್ಲಿ ಎಂಜಿನ್ ಯಾವಾಗಲೂ ಕೆಳಗಿನ ತುದಿಯಲ್ಲಿರುತ್ತದೆ. ಹತ್ತುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. 12 ಅಡಿ ಹೋದರೆ ಒಂದು ಅಡಿ ಏರು. ಹಾಗಾಗಿ ಮೆಟ್ಟುಪಾಳ್ಯದಿಂದ ಸಾಮಾನು ತಂದರೆ ವ್ಯಾಗನ್ ಮೊದಲು ಸೇತುವೆ ಮುಟ್ಟುತ್ತದೆ, ಎಂಜಿನ್ ಆಮೇಲೆ. ಎಂಜಿನ್ನನ್ನು ಸೇತುವೆಯ ಈಚೆಗೇ ನಿಲ್ಲಿಸಿ, ವ್ಯಾಗನ್ ಮಾತ್ರ ಗರ್ಡರ್ ಮೇಲೆ ನಿಲ್ಲುವಂತೆ ಮಾಡಬಹುದು. ಅದೇ ಕೂನೂರಿನಿಂದ ಇಳಿಸಿಕೊಂಡು ಬಂದರೆ, ಸಾಮಾನು ಸ್ಥಳಕ್ಕೆ ಬರುವ ಮುಂಚೆ ಎಂಜಿನ್ ಹಳೆ ಗರ್ಡರ್ ಮೇಲೆ ಬರುತ್ತದೆ. ಕೂನೂರಿನಲ್ಲಿ ಜಾಗ ಇದೆ, ಶೆಡ್ ಇದೆ, ಸಾಮಾನು ಜೋಡಿಸಿಡಲು ಅನುಕೂಲ. ಆದರೂ ಎಲ್ಲವನ್ನೂ ಕೆಳಗಿನಿಂದಲೇ ತರಿಸಿದ್ದು ಇದಕ್ಕೇ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಅಲ್ಲಿನ ಕೀಮನ್, ಅಂದರೆ ಹಳಿ ನೋಡಿಕೊಂಡು ಬೋಲ್ಟ್ ಬಿಗಿ ಮಾಡುವವರು, ಒಬ್ಬರು ನೀಲಗಿರಿಯ ಬಡಗ ಸಮುದಾಯದವರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ನಾನು ಅಣ್ಣ ಅನ್ನುತ್ತಿದ್ದೆ. ಅವರು ಬಡಗ ಭಾಷೆಯಲ್ಲಿ ನಿಧಾನಕ್ಕೆ ಮಾತಾಡಿದರೆ ನನಗೆ ಬಹುಪಾಲು ತಿಳಿಯುತ್ತಿತ್ತು. ನನ್ನ ಹರಕು ತಮಿಳಿಗಿಂತ ಅದೇ ವಾಸಿ. ಒಂದು ದಿನ ಹಳೆ ಸ್ಲೀಪರ್ ಪಕ್ಕ ಕೂತು, ಅದನ್ನು ಗರ್ಡರಿಗೆ ಹಿಡಿದಿಡುವ ಹುಕ್ ಬೋಲ್ಟುಗಳನ್ನು ತೋರಿಸಿದರು.

“ಸಾರ್, ಹುಕ್ ಬೋಲ್ಟೆಲ್ಲ ಒಂದೇ ಕಡೆ ವಾಲಿವೆ ನೋಡಿ. ಎಲ್ಲಾ ಮೆಟ್ಟುಪಾಳ್ಯದ ಕಡೆ.”

“ನೀವು ಬಿಗಿ ಮಾಡ್ತಾನೇ ಇದ್ದೀರಲ್ಲ ಅಣ್ಣ?”

“ಮಾಡ್ತೀನಿ. ಮತ್ತೆ ವಾಲ್ತವೆ.”

ಸಾಮಾನ್ಯ ಲೈನಿನಲ್ಲಿ ಹೀಗಾಗುವುದು ಕಡಿಮೆ. ಅಲ್ಲಿ ರೈಲು ಆ ಕಡೆಯಿಂದ ಬಂದಾಗ ಒಂದು ದಿಕ್ಕಿಗೆ ನೂಕುತ್ತದೆ, ಈ ಕಡೆಯಿಂದ ಬಂದಾಗ ಇನ್ನೊಂದು ದಿಕ್ಕಿಗೆ. ಇಲ್ಲಿ ನಡುವೆ ರ‍್ಯಾಕ್ ಇದೆ, ಅಂದರೆ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಏಣಿ ಹತ್ತುವವನು ಮೆಟ್ಟಿಲನ್ನು ಕೆಳಕ್ಕೇ ಒತ್ತುತ್ತಾನಲ್ಲ, ಹಾಗೆ ಹತ್ತುವ ಎಂಜಿನ್ ರ‍್ಯಾಕನ್ನು ಇಳಿಜಾರಿನ ಕಡೆಗೇ ನೂಕುತ್ತದೆ. ಇಳಿಯುವಾಗ ಬ್ರೇಕ್ ಹಿಡಿಯುತ್ತದೆ, ಆಗಲೂ ನೂಕು ಇಳಿಜಾರಿನ ಕಡೆಗೇ. ಹತ್ತಲಿ, ಇಳಿಯಲಿ, ಸೇತುವೆಯನ್ನು ಎಳೆಯುವುದು ಒಂದೇ ದಿಕ್ಕಿಗೆ. ನೂರಕ್ಕೂ ಹೆಚ್ಚು ವರ್ಷ, ದಿನಾ.

ಕೆಳಗಿನ ಅಬಟ್‌ಮೆಂಟಿನ ಬೆಡ್ ಬ್ಲಾಕ್ (ಗರ್ಡರಿನ ತುದಿ ಕೂರುವ ಕಟ್ಟೆ) ಯಾಕೆ ಬಿರುಕು ಬಿಟ್ಟಿತ್ತು, ಮೇಲಿನದು ಯಾಕೆ ಚೆನ್ನಾಗಿತ್ತು ಅನ್ನುವುದು ಆಗ ಅರ್ಥವಾಯಿತು. ಹೊಸ ಗರ್ಡರಿನ ತುದಿಗಳನ್ನು ಕೂರಿಸುವ ಬೇರಿಂಗುಗಳಲ್ಲಿ, ಕದಲದ ಫಿಕ್ಸ್ ಬೇರಿಂಗ್ ಕೆಳಗಿನ ತುದಿಯಲ್ಲಿ, ಜಾರುವ ಬೇರಿಂಗ್ ಮೇಲಿನ ತುದಿಯಲ್ಲಿ ಇಟ್ಟೆವು. ಇದು ಪುಸ್ತಕದಲ್ಲೂ ಇರುವ ನಿಯಮ. ಅದರ ಜೊತೆಗೆ ಪ್ರತಿ ಸ್ಲೀಪರಿನ ಕೆಳಮಗ್ಗುಲಿಗೆ ಫ್ಲ್ಯಾಂಜ್ ಮೇಲೆ ಒಂದು ಆಂಗಲ್ (L ಆಕಾರದ ಉಕ್ಕಿನ) ತುಂಡು ಬೋಲ್ಟ್ ಮಾಡಿ ತಡೆ ಕೊಟ್ಟೆವು. ನೂಕು ಹುಕ್ ಬೋಲ್ಟಿಗೆ ಹೋಗದೆ ನೇರ ಗರ್ಡರಿಗೆ ಹೋಗಲಿ ಅಂತ. ಅಣ್ಣ ತೋರಿಸದಿದ್ದರೆ ಈ ಆಂಗಲ್ ತುಂಡುಗಳು ಡ್ರಾಯಿಂಗಿನಲ್ಲಿ ಬರುತ್ತಿರಲಿಲ್ಲ.

ಅಬಟ್‌ಮೆಂಟ್ ಕಲ್ಲನ್ನು ಮುಟ್ಟಲಿಲ್ಲ. ಬೆಡ್ ಬ್ಲಾಕ್ ಮಾತ್ರ ಹೊಸದು. ಸಂದುಗಳಲ್ಲಿ ಯಾವಾಗಲೋ ಯಾರೋ ಸಿಮೆಂಟ್ ತುಂಬಿದ್ದರು. ಅದನ್ನು ಕೆತ್ತಿ ತೆಗೆದು ಸುಣ್ಣದ ಗಾರೆಯೇ ಹಾಕಿಸಿದೆವು. ಸಿಮೆಂಟ್ ಬಿಗಿಯಾಗಿ ಕೂತು ಹಿಂದಿನ ನೀರನ್ನು ಹೊರಗೆ ಬಿಡುವುದಿಲ್ಲ, ಕೊನೆಗೆ ಕಲ್ಲನ್ನೇ ನೂಕುತ್ತದೆ. ಸುಣ್ಣ ಉಸಿರಾಡುತ್ತದೆ. ಮುಚ್ಚಿಹೋಗಿದ್ದ ನೀರಿನ ತೂತುಗಳನ್ನೂ ಬಿಡಿಸಿದೆವು. ಈ ಬೆಟ್ಟದಲ್ಲಿ ಅಕ್ಟೋಬರ್, ನವೆಂಬರ್ ಮಳೆ ಬಂದಾಗ ಸೇತುವೆಗೆ ಅಪಾಯ ಹಳ್ಳದ ನೀರಿಗಿಂತ ಬೆನ್ನ ಹಿಂದಿನ ಮಣ್ಣಿನಲ್ಲಿ ನಿಂತ ನೀರಿನಿಂದಲೇ ಜಾಸ್ತಿ.

ಬೋಲ್ಟ್ ಬಗ್ಗೆ ಮಾತ್ರ ದೊಡ್ಡ ಜಗಳವೇ ಆಯಿತು. ಪರಂಪರೆಯ ಲೈನ್, ರಿವೆಟ್ ಇರಬೇಕು ಅಂತ ಒಂದು ಗುಂಪು. ನನಗೆ ಅದು ಒಪ್ಪಿಗೆ ಇರಲಿಲ್ಲ. ರಿವೆಟ್ ಹೊಡೆಯಲು ಅಲ್ಲಿ ಒಲೆ ಹೂಡಬೇಕು, ಕಾದು ಕೆಂಪಗಾದ ರಿವೆಟ್ಟನ್ನು ಎಸೆದು ಹಿಡಿಯಬೇಕು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೆಳಗಿನ ಕಣಿವೆಯ ಹುಲ್ಲು ಪೂರಾ ಒಣಗಿರುತ್ತದೆ. ಒಂದು ರಿವೆಟ್ ಕೈ ತಪ್ಪಿದರೆ ಸಾಕು, ಕಾಡಿಗೆ ಬೆಂಕಿ. ಚೆನ್ನಾಗಿ ರಿವೆಟ್ ಹೊಡೆಯುವ ಕೈಗಳೂ ಈಗ ಕಡಿಮೆ. ವರ್ಕ್‌ಶಾಪಿನಲ್ಲಿ ಆಗುವ ಜೋಡಣೆಗೆ ರಿವೆಟ್, ಸ್ಥಳದಲ್ಲಿ ಆಗುವ ಎರಡು ಜಾಯಿಂಟಿಗೆ ಫ್ರಿಕ್ಷನ್ ಗ್ರಿಪ್ ಬೋಲ್ಟ್ ಅಂತ ಕೊನೆಗೆ ರಾಜಿಯಾಯಿತು. ಆಗ ಇನ್ನೊಬ್ಬರು ಗುಂಡುತಲೆಯ ಬೋಲ್ಟ್ ಹಾಕೋಣ, ದೂರಕ್ಕೆ ರಿವೆಟ್ ಥರಾನೇ ಕಾಣುತ್ತದೆ ಅಂದರು. ಸುಮ್ನೆ ವೇಷ ಯಾಕೆ? ಹೊಸದು ಹೊಸದರ ಹಾಗೇ ಕಾಣಲಿ. ಐವತ್ತು ವರ್ಷ ಬಿಟ್ಟು ಬರುವ ಎಂಜಿನಿಯರಿಗೆ ಯಾವುದು ಯಾವ ಕಾಲದ್ದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು ಅಂತ ನಾನು ವಾದ ಮಾಡಿದೆ. ನನ್ನ ಮಾತು ಅರ್ಧ ಮಾತ್ರ ನಡೆಯಿತು. ಕಣಿವೆ ಕಡೆ, ಪ್ರಯಾಣಿಕರ ಕಣ್ಣಿಗೆ ಬೀಳುವ ಮುಖದಲ್ಲಿ ಗುಂಡುತಲೆ ಬಂತು. ಈಗಲೂ ನನಗೆ ಅದು ಸರಿ ಅನ್ನಿಸುವುದಿಲ್ಲ.

ಈ ಬೋಲ್ಟಿನ ಒಂದು ಗುಣ ಹೇಳಬೇಕು. ಅದು ಎರಡು ಪ್ಲೇಟನ್ನು ಒತ್ತಿ ಹಿಡಿಯುತ್ತದೆ, ಆ ಉಜ್ಜಾಟವೇ ಭಾರ ಹೊರುತ್ತದೆ. ಹಾಗಾಗಿ ಪ್ಲೇಟ್ ಸೇರುವ ಮುಖಕ್ಕೆ ಮಾಮೂಲಿ ಬಣ್ಣ ಹೊಡೆಯಬಾರದು, ಎಣ್ಣೆ ತಾಗಬಾರದು. ಸ್ಥಳದಲ್ಲಿ ಯಾರೋ ಜಿಡ್ಡಿನ ಕೈಯಲ್ಲಿ ಮುಟ್ಟಿದರೂ ನಾನು ಕೂಗುತ್ತಿದ್ದೆ. ಹುಡುಗರು ನನ್ನ ಬೆನ್ನ ಹಿಂದೆ ನಗುತ್ತಿದ್ದರು ಅಂತ ಗೊತ್ತು.

ಕೆಲಸದ ಹೊತ್ತು ಸಿಗುವುದೇ ಕಷ್ಟ. ಬೆಳಗ್ಗೆ ಏಳರ ಮೇಲೆ ಮೆಟ್ಟುಪಾಳ್ಯ ಬಿಟ್ಟ ಗಾಡಿ ಹತ್ತಿ ಹೋಗಬೇಕು. ಮಧ್ಯಾಹ್ನ ಎರಡಕ್ಕೆ ಊಟಿ ಬಿಟ್ಟ ಗಾಡಿ ಇಳಿಯಬೇಕು. ನಡುವೆ ಸಿಗುವ ಬ್ಲಾಕ್‌ನಲ್ಲೇ, ಅಂದರೆ ಹಳಿ ನಮ್ಮ ಕೆಲಸಕ್ಕೆ ಬಿಟ್ಟುಕೊಡುವ ಹೊತ್ತಿನಲ್ಲೇ, ತಯಾರಿಯೆಲ್ಲ. ಕತ್ತಲಾದ ಮೇಲೆ ಅಲ್ಲಿ ಇರುವ ಹಾಗಿಲ್ಲ, ಆನೆಗಳ ದಾರಿ ಅದು. ಒಣಗಿದ ಹಳ್ಳದಲ್ಲಿ ಮರದ ಸ್ಲೀಪರ್ ಅಡ್ಡಡ್ಡ ಪೇರಿಸಿ, ಗರ್ಡರ್ ಮಟ್ಟಕ್ಕೆ ಅಟ್ಟಣೆ ಕಟ್ಟಿದೆವು. ಕಣಿವೆ ಕಡೆಯ ಅಟ್ಟಣೆ ಮೇಲೆ ಹೊಸ ಗರ್ಡರಿನ ತುಂಡುಗಳನ್ನು ಜೋಡಿಸಿದೆವು. ವರ್ಕ್‌ಶಾಪಿನಲ್ಲಿ ಒಮ್ಮೆ ಪೂರ್ತಿ ಜೋಡಿಸಿ, ಗುರುತು ಹಾಕಿ, ಬಿಚ್ಚಿ ಕಳಿಸಿದ್ದರಿಂದ ತೂತಿಗೆ ತೂತು ಕೂತಿತು.

ಬದಲಿಸುವ ದಿನ ರೈಲು ಊಟಿ-ಕೂನೂರು ನಡುವೆ ಮಾತ್ರ ಓಡಿತು. ಹಳಿ, ರ‍್ಯಾಕ್, ಸ್ಲೀಪರ್ ಬಿಚ್ಚಿ, ಜಾಕ್ ಕೊಟ್ಟು ಹಳೆ ಗರ್ಡರ್ ಎತ್ತಿ, ಗ್ರೀಸ್ ಬಳಿದ ಹಳಿ ತುಂಡುಗಳ ಮೇಲೆ ಬೆಟ್ಟದ ಕಡೆಗೆ ಜಾರಿಸಿದೆವು. ಕಣಿವೆ ಕಡೆಯಿಂದ ಹೊಸದು ಒಳಗೆ ಬಂತು. ಕೈಯಲ್ಲಿ ಎಳೆಯುವ ವಿಂಚ್ ಎರಡು, ಎದುರು ಕಡೆ ತಡೆಯಲು ಎರಡು. ತಡೆಯುವ ವಿಂಚ್ ಎಳೆಯುವುದಕ್ಕಿಂತ ಮುಖ್ಯ. ಹೇಳಲು ಅಷ್ಟೇ, ಇದರಲ್ಲಿ ರೋಮಾಂಚನ ಏನೂ ಇರಲಿಲ್ಲ. ಇರಲೂಬಾರದು.

ಹೊತ್ತು ಹಿಡಿದಿದ್ದು ರ‍್ಯಾಕ್. ಇದು ಆಬ್ಟ್ ಪದ್ಧತಿಯದು. ಎರಡು ಪಟ್ಟಿಗಳ ನಡುವೆ 44 ಮಿಲಿಮೀಟರ್, ಹಳಿಗಿಂತ 65 ಮಿಲಿಮೀಟರ್ ಎತ್ತರ. ಒಂದರ ಹಲ್ಲು ಇನ್ನೊಂದರ ಸಂದಿಗೆ ನೇರ. ಹಾಗಾಗಿ ಎಂಜಿನ್ನಿನ ಹಲ್ಲುಚಕ್ರದ ಹಿಡಿತ ಯಾವ ಕ್ಷಣದಲ್ಲೂ ಪೂರ್ತಿ ಬಿಡುವುದಿಲ್ಲ. ಹಳೆ ಮರದ ಸ್ಲೀಪರನ್ನು ಬಾಚಿಯಲ್ಲಿ ಕೆತ್ತಿ ಕೆತ್ತಿ ಎತ್ತರ ಹೊಂದಿಸಿದ್ದರು. ಹೊಸದು ಉಕ್ಕಿನ ಚಾನಲ್ ಸ್ಲೀಪರ್, ಕೆತ್ತಲು ಆಗುವುದಿಲ್ಲ. ತೆಳು ಪ್ಯಾಕಿಂಗ್ ಪ್ಲೇಟ್ ಹಾಕಿ ತೆಗೆದು, ಹಾಕಿ ತೆಗೆದು ಹೊಂದಿಸಬೇಕಾಯಿತು. ಸೇತುವೆ ಮುಗಿದು ನೆಲ ಶುರುವಾಗುವ ಕಡೆ, ಹಲ್ಲಿನ ಅಂತರ ಜಾಯಿಂಟ್ ದಾಟಿದರೂ ಅಷ್ಟೇ ಇರಬೇಕು. ಅದಕ್ಕೆ ಹಲ್ಲಿನ ಅಚ್ಚು ಇದೆ. ಅಚ್ಚು ಎರಡೂ ಪಟ್ಟಿಗೆ ಸಲೀಸಾಗಿ ಕೂರುವವರೆಗೂ ಅಣ್ಣ ಯಾರನ್ನೂ ಮೇಲೇಳಲು ಬಿಡಲಿಲ್ಲ.

ಮೊದಲು ಎಂಜಿನ್ ಒಂದನ್ನೇ ನಡಿಗೆಯ ವೇಗದಲ್ಲಿ ಬಿಟ್ಟೆವು. ಹಲ್ಲುಚಕ್ರದ ಸದ್ದು ಎಲ್ಲೂ ತಪ್ಪದೆ ಒಂದೇ ಸಮ ಬಂತು. ಪಕ್ಕದಲ್ಲಿ ನಡೆಯುತ್ತಿದ್ದ ಡ್ರೈವರ್ ಸಹಾಯಕ ಕೈ ಎತ್ತಿ ಸರಿ ಅಂದ.

ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದೆವು. ಗರ್ಡರ್ ಸರಿದರೆ ಗೊತ್ತಾಗಲಿ ಅಂತ ಬೆಡ್ ಬ್ಲಾಕ್ ಮೇಲೆ ಹಾಕಿದ್ದ ಪಂಚ್ ಗುರುತು ಅಲ್ಲೇ ಇದೆ, ಹುಕ್ ಬೋಲ್ಟುಗಳು ನೆಟ್ಟಗಿವೆ. ವೇಗದ ಮಿತಿ ತೆಗೆಯಲು ಪತ್ರ ಹೋಗಿದೆ. ಪಟ್ಟಿಯಲ್ಲಿ ಮುಂದಿನದು ಇನ್ನೂ ಮೇಲಿನ ಒಂದು ಗರ್ಡರ್. ಅಳತೆ ಇದರದ್ದೇ, ಇದೇ ಡ್ರಾಯಿಂಗ್ ಸಾಕಲ್ಲ ಅಂದರು. ಆದರೆ ಅದರ ಕೆಳಗೆ ತಿರುವಿನಲ್ಲೇ ಒಂದು ಸುರಂಗ ಇದೆ. ಮರದ ಚೌಕಟ್ಟು ಮತ್ತೆ ಕಟ್ಟಿಸಿದ್ದೇನೆ. ಮುಂದಿನ ವಾರದ ಬ್ಲಾಕ್‌ನಲ್ಲಿ ಸೀಮೆಸುಣ್ಣ ಬಳಿದು ಕಳಿಸುತ್ತೇವೆ, ಡ್ರಾಯಿಂಗ್ ಆಮೇಲೆ.