ಒಂದು ಗೇಟು ಹೋದಾಗ ಕಟ್ಟೆ ಒಡೆದಂತೆ ಬರೆಯಬಾರದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು (ಕಟ್ಟೆಯ ಮೇಲ್ಭಾಗದಿಂದ ಹೊಳೆಗೆ ನೀರು ಬಿಡುವ ಬಾಗಿಲು) ಚೈನ್ ತುಂಡಾಗಿ ಕೊಚ್ಚಿಹೋಯಿತು. ಇಂಥ ಸುದ್ದಿ ಬಂದರೆ ವ್ಯಂಗ್ಯಚಿತ್ರ ಬರೆಯುವವರ ಕೈ ಮೊದಲು ಹೋಗುವುದು ಸೀಳಿದ ಗೋಡೆ, ತೇಲುವ ಕುರ್ಚಿ, ಅದರ ಮೇಲೆ ಕೂತ ಮಂತ್ರಿಯ ಕಡೆಗೆ. ಆ ಚಿತ್ರ ಸುಳ್ಳು. ಹೋಗಿದ್ದು 33 ಗೇಟುಗಳಲ್ಲಿ ಒಂದು, ಕಟ್ಟೆ ಗಟ್ಟಿಯಾಗಿಯೇ ಇತ್ತು. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಹೊಳೆದಂಡೆಯ ಮಂದಿ ಬೆಳಿಗ್ಗೆ ಪೇಪರ್ ಬಿಡಿಸಿದಾಗ ಕಣ್ಣು ಮೊದಲು ಬೀಳುವುದು ಚಿತ್ರದ ಮೇಲೆ. ಪಕ್ಕದ ವರದಿ ಎಷ್ಟೇ ಸರಿಯಿರಲಿ, ಗೆರೆ ಹುಟ್ಟಿಸಿದ ಗಾಬರಿಯನ್ನು ಅದು ಇಳಿಸಲಾರದು.

ಇನ್ನೊಂದು ತಪ್ಪು ಹೊಣೆಯದು. ಜಲಾಶಯದ ನಿರ್ವಹಣೆ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಅಲ್ಲಿ ಪಾಲಿದೆ. ಇದನ್ನು ತಿಳಿಯದೆ ಒಬ್ಬ ಮಂತ್ರಿಯ ಕೈಗೆ ತುಂಡಾದ ಚೈನ್ ಕೊಟ್ಟುಬಿಟ್ಟರೆ ಒಂದು ಪಕ್ಷಕ್ಕೆ ಖುಷಿಯಾಗುತ್ತದೆ, ಓದುಗನಿಗೆ ಏನೂ ತಿಳಿಯುವುದಿಲ್ಲ. ಹಲವು ಕೈಗಳು ಒಂದೇ ಚೈನನ್ನು ಹಿಡಿದು ‘ನನ್ನದಲ್ಲ’ ಎನ್ನುತ್ತಿರುವ ಚಿತ್ರ ಹೆಚ್ಚು ಚುಚ್ಚುತ್ತದೆ, ನಿಜವೂ ಹೌದು. ಪೆನ್ಸಿಲ್ ಎತ್ತುವ ಮೊದಲು ಆಗಿದ್ದೇನು, ಮಾಡಬೇಕಾದವರು ಯಾರು, ಅದಕ್ಕೆ ಆಧಾರದ ಕಾಗದ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂರರಲ್ಲಿ ಒಂದು ಖಾಲಿ ಉಳಿದರೂ ವರದಿಗಾರರಿಗೆ ಫೋನ್ ಮಾಡಿ.

ಮಾತಿನ ಗುಳ್ಳೆಯಲ್ಲಿ ಕೆಲಸ ಕೆಡುವುದೇ ಹೆಚ್ಚು. ಒಂದು ಕಾಲಂ ಚಿತ್ರ ಅಚ್ಚಿನಲ್ಲಿ ಸುಮಾರು 4 ಸೆಂ.ಮೀ. ಅಗಲ. ಮೂಲವನ್ನು ಅದರ ಎರಡರಷ್ಟು ಬರೆಯಿರಿ. ಅಕ್ಷರ 6 ಮಿ.ಮೀ. ಇದ್ದರೆ ಅಚ್ಚಿನಲ್ಲಿ 3 ಉಳಿಯುತ್ತದೆ. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲಿನ ನಡುವೆ ಒಂದು ಅಕ್ಷರದಷ್ಟು ಜಾಗ ಬೇಕೇಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ‘ಲ್ಲ’ದ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ನ್ಯೂಸ್‌ಪ್ರಿಂಟ್ ಶಾಯಿ ಹೀರಿ ಹರಡುವುದರಿಂದ ಎರಡೂ ಸೇರಿ ಕಪ್ಪು ಚುಕ್ಕೆಯಾಗುತ್ತವೆ. ಹತ್ತಿರ ಹತ್ತಿರ ಎಳೆದ ನೆರಳಿನ ಗೆರೆಗಳ ಗತಿಯೂ ಅದೇ. ಮೊದಲು ಮಾತು ಬರೆದು, ಆಮೇಲೆ ಸುತ್ತ ಗುಳ್ಳೆ ಎಳೆಯಿರಿ. ಸ್ಕ್ಯಾನ್ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಲೈನ್ ಆರ್ಟ್, ಅಂದರೆ ಬೂದು ಛಾಯೆಯಿಲ್ಲದ ಬರೀ ಕಪ್ಪು-ಬಿಳುಪು.

ಮಾತು ಆರೇಳು ಪದ ಮೀರಬಾರದು, ನಮ್ಮ ಸೀಮೆಯ ಬಾಯಿಂದ ಬಂದಂತಿರಬೇಕು. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ತಲುಪದ ಚಿತ್ರವೆಂದುಕೊಳ್ಳಿ. ಒಣಗಿದ ನಾಲೆ, ‘ಮೈಲು 104’ ಎಂದು ಬರೆದ ಕಲ್ಲು, ಕಡತ ಹಿಡಿದ ಅಧಿಕಾರಿ. ರಾಯಚೂರಿನ ರೈತ ಹೇಳುತ್ತಾನೆ: “ಕಾಗದದಾಗ ಬಂದೈತ್ರಿ ಸಾಹೇಬ್ರ, ಕಾಲುವ್ಯಾಗ ಬಂದಿಲ್ರಿ.” ‘ನೀರು ಪೂರೈಕೆಯಾಗಿಲ್ಲ’ ಎಂದು ಅವನ ಬಾಯಲ್ಲಿ ಹೇಳಿಸಿದರೆ ಅವನೂ ಅಧಿಕಾರಿಯಾಗಿಬಿಡುತ್ತಾನೆ.

ಮುಖ ಬರೆಯುವಾಗ ಬಳ್ಳಾರಿ ಕಡೆಯ ಹಗಲುವೇಷದವರನ್ನು, ಹಗಲಲ್ಲೇ ವೇಷ ಕಟ್ಟಿ ಊರೂರು ಆಡುವ ಕಲಾವಿದರನ್ನು, ನೋಡಿ ಕಲಿಯಬೇಕು. ನಡಿಗೆ, ದನಿ, ಕೈ ಆಡಿಸುವ ರೀತಿ ಹಿಡಿದರೆ ಆಳು ಗುರುತಾಗುತ್ತಾನೆ. ಜಾತಿ, ಧರ್ಮ, ಮೈಬಣ್ಣ, ಅಂಗವೈಕಲ್ಯ ಹಿಡಿದು ಗುರುತು ಮಾಡಿಸುವುದು ಸೋಮಾರಿತನ. ಪೆಟ್ಟು ಅಧಿಕಾರದಲ್ಲಿ ಇರುವವನಿಗೆ ಬೀಳದೆ ಅವನ ಓಣಿಯವರಿಗೆಲ್ಲ ಬೀಳುತ್ತದೆ.

ಇನ್ನು ಕಾನೂನು. ಸಂವಿಧಾನದ 19(1)(ಎ) ಪತ್ರಿಕೆಗೆಂದು ಬೇರೆ ಹಕ್ಕು ಕೊಟ್ಟಿಲ್ಲ. ನಾಗರಿಕನ ಮಾತಿನ ಹಕ್ಕೇ ನಮ್ಮದೂ, 19(2)ರ ಮಿತಿಗಳೂ ನಮಗಿವೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ 2 ವರ್ಷದವರೆಗೆ ಸಾದಾ ಸಜೆಯಾಗಬಹುದು. ಸಾರ್ವಜನಿಕ ಸೇವಕರು ತಮ್ಮ ಹುದ್ದೆಯಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ ಅಲ್ಲೇ ವಿನಾಯಿತಿಯೂ ಇದೆ. ಆದರೆ ಜೇಬಿನಲ್ಲಿ ನೋಟಿನ ಕಟ್ಟು ಬರೆದರೆ ಅದು ಅಭಿಪ್ರಾಯವಲ್ಲ, ಲಂಚದ ಆರೋಪ. ಎಫ್‌ಐಆರ್ ಪ್ರತಿ ಇಲ್ಲದೆ ನೋಟು ಬರೆಯಬೇಡಿ. ರಾಷ್ಟ್ರಲಾಂಛನ ಬಳಸುವ ಮೊದಲು ಸಂಪಾದಕರ ಜೊತೆ ಕೂತು ಮಾತಾಡಿ. 2012ರಲ್ಲಿ ಮುಂಬೈನಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ಅವರನ್ನು ಅಂಥ ಚಿತ್ರಗಳಿಗಾಗಿ ರಾಷ್ಟ್ರದ್ರೋಹದ ಕಲಂ ಹಾಕಿ ಬಂಧಿಸಿದರು. ಆ ಆರೋಪವನ್ನು ಆಮೇಲೆ ಸರ್ಕಾರವೇ ಕೈಬಿಟ್ಟಿತು. ಆ ಬಂಧನ ಅನ್ಯಾಯ. ಆದರೂ ಕೈಬಿಡುವ ತನಕ ಜೈಲು, ಕೋರ್ಟು ಅನುಭವಿಸಿದವರು ಅವರೇ.

ವಾಟ್ಸ್ಆ್ಯಪ್‌ಗೆ ಹೋದ ಚಿತ್ರ ಹಿಂತಿರುಗದು. ಸಹಿ, ತಾರೀಕು ಮೂಲೆಯಲ್ಲಿದ್ದರೆ ಕತ್ತರಿಸಿ ಬೇರೆ ಗಲಾಟೆಗೆ ಅಂಟಿಸುತ್ತಾರೆ. ಪಾತ್ರದ ಕಾಲಬುಡದಲ್ಲೇ ಹಾಕಿ. ಗುಳ್ಳೆಯ ಮಾತು ಕೈಬರಹದಲ್ಲಿರಲಿ, ತಿದ್ದಿದರೆ ಕಣ್ಣಿಗೆ ಹೊಡೆಯುತ್ತದೆ.

ಸಂಪಾದಕರು ಬೇಡ ಎಂದರೆ ಕಾರಣ ಕೇಳುವುದು ನಮ್ಮ ಹಕ್ಕು. ಸತ್ಯಾಂಶ ತಪ್ಪಿದ್ದರೆ ತಿದ್ದಬೇಕು, ಕಾನೂನಿನ ಅಡ್ಡಿಯಿದ್ದರೆ ಯಾವ ಗೆರೆ, ಯಾವ ಕಲಂ ಎಂದು ಕೇಳಬೇಕು. ಸರ್ಕಾರಿ ಜಾಹೀರಾತು ನಿಲ್ಲುತ್ತದೆ ಎಂಬುದು ಕಾರಣವಾದರೆ ಅದನ್ನು ಬಾಯಿಬಿಟ್ಟು ಹೇಳಿಸಿ, ಅಚ್ಚಾಗದ ಮೂಲಚಿತ್ರದ ಬೆನ್ನ ಮೇಲೆ ತಾರೀಕಿನ ಸಮೇತ ಬರೆದು ಕಡತದಲ್ಲಿ ಇಡಿ.